ಅಣ್ಣನ ಸೀಟಿ

ಅಣ್ಣನ ಅಂಗಿಯ ರಕ್ತದ ಕಲೆ ತಿಕ್ಕುತ್ತಿದ್ದವಳ ಕೈಗೆ ಜೇಬಿನಲ್ಲಿದ್ದ ಸೀಟಿ ತಗುಲಿತು. ಸಂಬಳವಿಲ್ಲದೆ ಓಣಿಯ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಅಣ್ಣ, ಅವರನ್ನು ಪಕ್ಷದ ಮೆರವಣಿಗೆಗೆ ಕಳಿಸಲು ಒಪ್ಪಿರಲಿಲ್ಲ. ಪಕ್ಷದವರು ಮೈದಾನದಲ್ಲೇ ಅವನನ್ನು ಕೆಡವಿ, ಬೂಟುಗಾಲಿನಿಂದ ಬಾಯಿಗೆ ಒದ್ದು ಮುಂದಿನ ಹಲ್ಲುಗಳನ್ನು ಉದುರಿಸಿದ್ದರು.

"ಈಗ ಊದಪ್ಪಾ ಮೇಷ್ಟ್ರೇ, ನೋಡೋಣ" ಎಂದು ನಕ್ಕಿದ್ದರು.

ಸೀಟಿ ಕೇಳಿಸದೆ ಹುಡುಗಿಯರು ಮೈದಾನಕ್ಕೆ ಇಳಿಯುವುದಿಲ್ಲ; ಅದು ಅಣ್ಣನೇ ಮಾಡಿದ್ದ ನಿಯಮ. ನಾಳೆ ಬೆಳಗ್ಗೆ ಯಾರೂ ಊದದಿದ್ದರೆ ಆಟ ನಿಂತು, ತಂಡ ಪಕ್ಷದವರ ಮೆರವಣಿಗೆಯ ಪಾಲು.

"ಬಿಸಾಕೇ ಆ ಅಂಗೀನ, ಕಲೆ ಹೋಗಲ್ಲ" ಎಂದರು ಅಮ್ಮ ಒಳಗಿನಿಂದ. "ಇನ್ನು ಆಟದ ಸುದ್ದಿ ಈ ಮನೇಲಿ ಬೇಡ."

"ಆಯ್ತಮ್ಮ."

ಸೀಟಿಯ ಸಂದಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಅವಳು ಪಿನ್ನಿನಿಂದ ಕೆರೆದಳು. ಸದ್ದಾಗದಂತೆ ಅದರೊಳಗೆ ಒಮ್ಮೆ ಉಸಿರು ಬಿಟ್ಟು ನೋಡಿ, ಬೆಳಗ್ಗೆ ಉಡುವ ಸೀರೆಯ ಮಡಿಕೆಯೊಳಗೆ ಅದನ್ನು ಇಟ್ಟಳು.