ಇಲ್ಲದ ಬಸಿರು

ಆ ಜೂನ್ ತಿಂಗಳಲ್ಲಿ ನಮ್ಮ ಬ್ರಾಂಚಿನವರೆಲ್ಲ ಇದ್ದಕ್ಕಿದ್ದಂತೆ ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಸತೊಡಗಿದರು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗಿನಿಂದ ನಾನು ಅವರ ಪಾಲಿಗೆ ತುಮಕೂರಿನಿಂದ ಬಂದ ಸಿಡುಕಿ ಲೋನ್ ಆಫೀಸರು, ತೆಲುಗನ್ನು ಕೊಂದು ಮಾತಾಡುವವಳು. ಈಗ ನೋಡಿದರೆ ಫ್ಯಾನಿನ ಕೆಳಗಿನ ಕುರ್ಚಿ ನನಗೆ. ಸ್ಟ್ರಾಂಗ್ ರೂಮಿನ ಮೆಟ್ಟಿಲು ಇಳಿಯುವ ಕೆಲಸ ನನ್ನಿಂದ ತಪ್ಪಿತು. ಪಕ್ಕದ ಕೌಂಟರಿನ ಹಿಮಬಿಂದು ಒಂದು ದಿನ ಸಿಂಹಾಚಲದ ಪ್ರಸಾದ ತಂದು ನನ್ನ ಮೇಜಿನ ಮೇಲಿಟ್ಟಳು, ಇನ್ನೊಂದು ದಿನ ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು. "ತಿನ್ನಿ ಮೇಡಂ" ಅಂದಳು, ಅಷ್ಟೆ. ಮುಖದ ತುಂಬ ನಗು.

ನಾನು ಪೆದ್ದಿ, ಮಾವಿನಕಾಯಿ ತಿಂದೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ಸಾವು ಕಂಡಿದ್ದ ಕಾಲ. ಹೀಗೆ ಸಾವು ಕಂಡ ಜನ ಮೆತ್ತಗಾಗುತ್ತಾರೆ ಅಂತ ನನ್ನಷ್ಟಕ್ಕೆ ನಾನೇ ಕಣ್ಣು ಒದ್ದೆ ಮಾಡಿಕೊಂಡಿದ್ದೆ.

ನನ್ನ ತಲೆಯಲ್ಲಿ ಬೇರೆಯದೇ ಗುದ್ದಾಟ ನಡೆದಿತ್ತು. ನನ್ನ ಗಂಡ ಸುಮುಖನಿಗೆ ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಮನೆ ಗವರ್ನರ್‌ಪೇಟೆಯಲ್ಲಿ. ಮಾವನವರು ಕನ್ನಡದವರು, ಈಗಿಲ್ಲ. ಅತ್ತೆ ಭ್ರಮರಾಂಬ ತೆಲುಗಿನವರು, ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿತವರು. ನಾನು ಶನಿವಾರ ರೈಲು ಹತ್ತಿ ಹೋಗುವುದು, ಸೋಮವಾರಕ್ಕೆ ವಾಪಸು. ಹೀಗೆ ವಾರಕ್ಕೊಮ್ಮೆ ಸಂಸಾರ ಮಾಡುತ್ತ ನಮಗೊಂದು ಮಗು ಆಗಬೇಕು ಅಂತ ನಾವಿಬ್ಬರೂ ಆಸೆಪಡುತ್ತಿದ್ದೆವು. ಅತ್ತೆಯ ಆಸೆ ನಮಗಿಂತ ದೊಡ್ಡದು. ಅದೇ ಹೊತ್ತಿಗೆ ಲಸಿಕೆ ಬಂತು.

"ಆ ಇಂಜೆಕ್ಷನ್ ಬೇಡಮ್ಮಾ" ಅಂದರು ಅತ್ತೆ. "ಗರ್ಭಕೋಶ ಒಣಗುತ್ತಂತೆ. ಮಗು ಆಗಲಿ, ಆಮೇಲೆ ಎಷ್ಟು ಬೇಕಾದ್ರೂ ಹಾಕಿಸ್ಕೋ. ಅವಸರ ಏನಿದೆ ಚೆಪ್ಪು?"

"ಯಾರು ಹೇಳಿದ್ದು ಅತ್ತೆ?"

"ಅಂದರೂ ಹೇಳ್ತಿದಾರೆ ಕದಾ!"

ಅವರ ತೆಲುಗಿನ 'ಅಂದರೂ', ಅಂದರೆ ಎಲ್ಲರೂ, ಬರೀ ವಾಟ್ಸಾಪು. ನಾನು ನಕ್ಕೆ, ಆದರೆ ಸುಳ್ಳು ಯಾಕೆ ಹೇಳಲಿ, ಒಳಗೆ ನನಗೂ ಅಳುಕು ಹುಟ್ಟಿತು. ನನಗೆ ಮೂವತ್ತನಾಲ್ಕು ತುಂಬಿತ್ತು. ಒಂದು ವೇಳೆ ನಿಜವಾಗಿದ್ದರೆ? ಬ್ಯಾಂಕಿನಲ್ಲಿ ದಿನವೂ ನೂರಾರು ಜನರ ಉಸಿರಿನ ನಡುವೆ ಕೂರುವವಳು ನಾನು. ಹಾಕಿಸಿಕೊಳ್ಳದೆ ಇದ್ದು ಬಸುರಾಗಿ, ಆಮೇಲೆ ಕೋವಿಡ್ ಹತ್ತಿದರೆ? ಎರಡು ಭಯಗಳೂ ಸರದಿಯ ಮೇಲೆ ಬಂದು ನನ್ನನ್ನು ಹಿಂಡುತ್ತಿದ್ದವು. ಕೊನೆಗೆ ಹೆರಿಗೆ ಡಾಕ್ಟರು ಮಾಧವೀಲತಾ ಅವರ ಹತ್ತಿರ ಹೋಗಿ ಕೂತು ಇದ್ದದ್ದೆಲ್ಲ ಕೇಳಿದೆ. ಲಸಿಕೆಯಿಂದ ಬಸಿರಾಗಲು ಅಡ್ಡಿಯಾಗುತ್ತದೆ ಅನ್ನುವುದಕ್ಕೆ ಎಲ್ಲೂ ಆಧಾರವಿಲ್ಲ, ಹಾಕಿಸಿಕೊಂಡ ಮೇಲೆ ಕಾಯಬೇಕಾಗಿಯೂ ಇಲ್ಲ, ಆದರೆ ಬಸುರಿಯರಿಗೆ ಕೋವಿಡ್ ಬಂದರೆ ಜೋರಾಗಿ ಕಾಡುವುದನ್ನು ವಾರ್ಡಿನಲ್ಲಿ ದಿನಾ ನೋಡುತ್ತಿದ್ದೇನೆ ಅಂದರು. ಮಾಸ್ಕಿನ ಮೇಲೆ ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಆ ಕಣ್ಣನ್ನು ನಂಬಿದೆ.

ಮನೆಗೆ ಫೋನ್ ಮಾಡಿ, ಬ್ಯಾಂಕಿನಲ್ಲೇ ಕ್ಯಾಂಪು ಇಡುತ್ತಾರೆ, ನಾನು ಹಾಕಿಸಿಕೊಳ್ಳುತ್ತೇನೆ ಅಂತ ಹೇಳಿಬಿಟ್ಟೆ. ಅತ್ತೆ ಜಗಳವಾಡಲಿಲ್ಲ. "ನಿನ್ನಿಷ್ಟಮ್ಮಾ" ಅಂದರು. ಅಷ್ಟು ಸುಲಭಕ್ಕೆ ಅವರು ಸೋತಾಗಲೇ ನನ್ನ ಕಿವಿ ನಿಮಿರಬೇಕಿತ್ತು.

ಕ್ಯಾಂಪಿನ ದಿನ ಮೀಟಿಂಗ್ ಹಾಲಿನಲ್ಲಿ ನರ್ಸಮ್ಮ ಬಂದು ಕೂತರು. ನಾನು ತೋಳು ಸಡಿಲವಿದ್ದ ಕುರ್ತಾ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಮ್ಯಾನೇಜರ್ ಗುರುದತ್ತ ಅವರು ಗಡಿಬಿಡಿಯಿಂದ ಬಂದರು. ಹಾಸನದವರು, ನಮ್ಮ ಮಾವನವರಿಗೆ ಹಳೆಯ ಪರಿಚಯ.

"ನೀವ್ಯಾಕಮ್ಮ ನಿಂತಿದೀರಿ? ಹೋಗಿ ಕೂತ್ಕೊಳ್ಳಿ. ನಿಮ್ಮಂಥೋರಿಗೆ ಇನ್ನೂ ಕೊಡ್ತಾ ಇಲ್ಲ."

"ನಮ್ಮಂಥೋರು ಅಂದ್ರೆ ಯಾರು ಸಾರ್?"

ಅವರು ಕಣ್ಣು ತಪ್ಪಿಸಿದರು. ದನಿ ತಗ್ಗಿಸಿ, "ನಿಮ್ಮತ್ತೆಯವರು ಫೋನ್ ಮಾಡಿದ್ರು, ಹೋದ ತಿಂಗಳೇ. ಸಂತೋಷ ಆಯ್ತು. ಮೂರು ತಿಂಗಳು ತುಂಬೋವರೆಗೂ ಬಾಯಿ ಬಿಡಬೇಡಿ ಅಂದಿದ್ರು, ಬ್ರಾಂಚಿನವರಿಗಷ್ಟೇ ಹೇಳಿದ್ದೆ, ಅದಕ್ಕೇ ನಾವ್ಯಾರೂ ನಿಮ್ಮನ್ನ ಏನೂ ಕೇಳಲಿಲ್ಲ" ಅಂದರು.

ಫ್ಯಾನು, ಮೆಟ್ಟಿಲು, ಪ್ರಸಾದ, ಮಾವಿನಕಾಯಿ. ನನ್ನ ಕಿವಿ ಬಿಸಿಯಾಯಿತು. ನಮ್ಮ ಕಡೆಯೂ ಅಷ್ಟೆ, ಈ ಕಡೆಯೂ ಅಷ್ಟೆ: ಮೂರು ತಿಂಗಳು ತುಂಬುವ ತನಕ ಬಸುರಿ ತಾನಾಗಿ ಹೇಳಬಾರದು, ಕಂಡವರು ಕೇಳಬಾರದು. ದೃಷ್ಟಿಯಾದೀತು ಅಂತ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು, ಕೈಯಲ್ಲಿ ಮಾತ್ರ ಅಕ್ಕರೆ ತೋರಿಸುತ್ತಾರೆ. ನನ್ನತ್ತೆ ಒಂದು ಸುಳ್ಳನ್ನು ತಂದು ಆ ಪದ್ಧತಿಯೊಳಗೆ ಇಟ್ಟುಬಿಟ್ಟಿದ್ದರು. ಅಲ್ಲಿ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬಸುರಿಯರಿಗೆ ಆಗಿನ್ನೂ ಸರ್ಕಾರ ಲಸಿಕೆ ಕೊಡುತ್ತಿರಲಿಲ್ಲ. ಎಂಥಾ ಲೆಕ್ಕಾಚಾರ! ಮೆಚ್ಚಬೇಕು.

"ಸಾರ್, ನಾನು ಬಸುರಿಯಲ್ಲ" ಅಂದೆ.

ಹಿಮಬಿಂದು ಓಡಿ ಬಂದು ನನ್ನ ಕೈ ಹಿಡಿದಳು. ಅವಳ ಕಣ್ಣಲ್ಲಿ ನೀರು. "ಅಯ್ಯೋ ಮೇಡಂ, ಯಾವಾಗ ಹೋಯಿತು? ಒಬ್ಬರೇ ಅನುಭವಿಸಿದಿರಾ?"

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇಲ್ಲದ ಬಸಿರನ್ನು ಇಲ್ಲ ಅಂದರೆ ಇವರಿಗೆ ಅದು ಕಳೆದುಹೋದ ಬಸಿರು. ನಾನು ಈಗ ತೋಳು ಮುಂದೆ ಮಾಡಿ ಚುಚ್ಚಿಸಿಕೊಂಡರೆ, ಸಂಜೆಯೊಳಗೆ ಕಥೆ ತಿರುಗುತ್ತದೆ: ಲೋನ್ ಮೇಡಂ ಇಂಜೆಕ್ಷನ್ ಹಾಕಿಸಿಕೊಂಡರು, ಮಗು ಹೋಯಿತು. ಸುಮ್ಮನೆ ಹೋಗಿ ಕೂತರೆ ಅತ್ತೆಯ ಸುಳ್ಳು ಗೆಲ್ಲುತ್ತದೆ. ಎರಡು ಕಡೆಯಿಂದಲೂ ನನ್ನ ಹೊಟ್ಟೆ ಊರವರ ಹೊಟ್ಟೆಯಾಗಿತ್ತು.

"ಹಿಮಬಿಂದು, ಕೂತ್ಕೋ" ಅಂದೆ. ಆಮೇಲೆ ನನ್ನ ಹರಕು ತೆಲುಗಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದೆ. "ಹೋಗುವುದಕ್ಕೆ ಏನೂ ಇರಲಿಲ್ಲ. ನಾನು ಬಸುರಾಗಿರಲೇ ಇಲ್ಲ. ಲಸಿಕೆ ತಪ್ಪಿಸುವುದಕ್ಕೆ ನಮ್ಮ ಮನೆಯವರು ಹೇಳಿದ ಸುಳ್ಳು ಅದು. ನೀವು ಕೊಟ್ಟ ಮಾವಿನಕಾಯಿ ರುಚಿಯಾಗಿತ್ತು, ಅದಕ್ಕೆ ಥ್ಯಾಂಕ್ಸ್. ಈಗ ನಾನು ಮುಟ್ಟಾಗಿದ್ದೇನೆ. ನಿನ್ನೆಯಿಂದ."

ಕ್ಯಾಷಿಯರು ಕಿಟಕಿ ಕಡೆ ತಿರುಗಿಕೊಂಡ. ಗುರುದತ್ತ ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತರು. ಹಿಮಬಿಂದು ಮಾತ್ರ ಮೆಲ್ಲಗೆ, "ಮುಟ್ಟಾದಾಗಲೂ ಹಾಕಿಸಿಕೊಳ್ಳಬಾರದಂತೆ ಮೇಡಂ" ಅಂದಳು.

"ಬಸುರಿಯಾದರೂ ಬೇಡ, ಮುಟ್ಟಾದರೂ ಬೇಡ, ಮಗು ಬೇಕು ಅನ್ನುವವಳಿಗೂ ಬೇಡ. ಹಾಗಾದರೆ ಹೆಂಗಸಾದವಳು ಹಾಕಿಸಿಕೊಳ್ಳುವುದು ಯಾವಾಗ, ಸತ್ತ ಮೇಲಾ?"

ನರ್ಸಮ್ಮ ಕಿಸಕ್ಕನೆ ನಕ್ಕುಬಿಟ್ಟರು. "ಬನ್ನಿ, ಕೂತುಕೊಳ್ಳಿ" ಅಂತ ಹತ್ತಿ ಒದ್ದೆ ಮಾಡಿಕೊಂಡರು. ಸೂಜಿ ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ, ನಾನು ಅಷ್ಟು ಸಿಟ್ಟಿನಲ್ಲಿದ್ದೆ.

ಶನಿವಾರ ಮೈಕೈ ನೋವಿನಲ್ಲೇ ರೈಲು ಹತ್ತಿದೆ. ಸುಮುಖ ಸ್ಟೇಷನ್ನಿಗೆ ಬಂದಿದ್ದ, ಅಂಗಡಿಯ ಗ್ರೀಸು ಇನ್ನೂ ಉಗುರಿನಲ್ಲಿತ್ತು. ಸ್ಕೂಟರಿನ ಹಿಂದೆ ಕೂರುವ ಮೊದಲು ಕೇಳಿದೆ.

"ನಿನಗೆ ಗೊತ್ತಿತ್ತಾ?"

"ಅಮ್ಮ ಹೇಳಿ ಆದಮೇಲೆ ಗೊತ್ತಾಯ್ತು ಅಪೂರ್ವಾ. ನಾನೇನು ಮಾಡ್ಲಿ? ನಿಂಗೂ ಒಳಗೊಳಗೆ ಭಯ ಇತ್ತಲ್ಲ. ಹೆಂಗೋ ತಾನಾಗೇ ತಪ್ಪಿ ಹೋದ್ರೆ ಒಳ್ಳೇದೇ ಅಂತ ಸುಮ್ನಿದ್ದೆ."

"ನನ್ನ ಭಯ ನಾನು ನೋಡ್ಕೋತಿದ್ದೆ. ನೀನು ನನ್ನ ಪರವಾಗಿ ಹೆದರಿಕೊಂಡು ಕೂರೋದು ಬೇಕಿರಲಿಲ್ಲ."

ಅವನು ಸ್ಕೂಟರ್ ಶುರು ಮಾಡಿದ. ಅವನ ಬೆನ್ನು ನೋಡುತ್ತ ನನಗೆ ಅಳು ಬಂತು. ಪ್ರೀತಿಯಿಂದಲೇ ಹೀಗೆ ಮಾಡಿದ್ದ, ಅದೇ ನನಗೆ ತಡೆಯಲಾಗದ್ದು.

ಅತ್ತೆ ಗೋಂಗೂರ ಸೊಪ್ಪು ಸೋಸುತ್ತ ಕೂತಿದ್ದರು. ನಾನು ಕುರ್ತಾದ ತೋಳು ಮೇಲೆ ಸರಿಸಿ, ಕೆಂಪಾಗಿ ಊದಿದ್ದ ಜಾಗ ತೋರಿಸಿದೆ. ಅವರ ಕೈ ಸೊಪ್ಪಿನಲ್ಲೇ ನಿಂತಿತು.

"ಹಾಕಿಸ್ಕೊಂಡು ಬಿಟ್ಟೆಯಾ?"

"ಹಾಕಿಸ್ಕೊಂಡೆ. ಬಸುರಿಯಲ್ಲ ಅಂತ ಎಲ್ಲರ ಮುಂದೆ ಹೇಳಿ ಹಾಕಿಸ್ಕೊಂಡೆ."

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಸುಮುಖನ ಮುಂಚೆ ನನಗೆ ಎರಡು ಹೋದವಮ್ಮಾ. ಏನು ತಿಂದೆ, ಎಲ್ಲಿ ಹೋದೆ, ಯಾವ ಮಾತ್ರೆ ನುಂಗಿದೆ ಅಂತ ಊರೆಲ್ಲ ಕೇಳಿತು. ನಾನು ಏನೂ ತಿಂದಿರಲಿಲ್ಲ. ಆದ್ರೂ ಇವತ್ತಿಗೂ ಯೋಚನೆ ಮಾಡ್ತೀನಿ, ಏನಾದ್ರೂ ತಿಂದಿದ್ದೆನಾ ಅಂತ. ನಿನಗೆ ಹಾಗೆ ಆಗಬಾರದು ಅಂತ ಮಾಡಿದೆ."

ನನ್ನ ಸಿಟ್ಟು ಅರ್ಧ ಇಳಿಯಿತು. ಅವರ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಅವರೇ ಇಳಿದ ಅರ್ಧವನ್ನೂ ಮತ್ತೆ ಎಬ್ಬಿಸಿದರು.

"ಆದದ್ದು ಆಯ್ತು. ಪಟಮಟದಲ್ಲಿರೋ ನಮ್ಮಕ್ಕನಿಗೂ ಹೇಳಿಬಿಟ್ಟಿದೀನಿ, ನಿನಗೆ ನಿಂತಿದೆ ಅಂತ. ಈಗ ಹೋಯ್ತು ಅಂತ ಹೇಳಿದ್ರೆ ಆಯ್ತು. ಹೋದದ್ದನ್ನ ಯಾರೂ ಕೆದಕಿ ಕೇಳಲ್ಲ. ನನ್ನ ಮರ್ಯಾದೆಯೂ ಉಳಿಯುತ್ತೆ ಕದಾ?"

"ಅತ್ತೆ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇಲ್ಲದ ಮಗುವನ್ನ ನನ್ನ ಹೊಟ್ಟೇಲಿ ಇಟ್ರಿ. ಈಗ ಅದನ್ನ ಸಾಯಿಸು ಅಂತಿದೀರಿ. ನಿಮ್ಮ ಎರಡೂ ನಿಜವಾಗಿ ಹೋದವು, ಅದಕ್ಕೆ ಇವತ್ತಿಗೂ ಅಳ್ತೀರಿ. ಆ ದುಃಖದ ಹೆಸರಲ್ಲಿ ನಾನು ನಾಟಕ ಆಡಲ್ಲ. ಇವತ್ತು ಹೋಯ್ತು ಅಂದ್ರೆ ನಾಳೆ ಇಂಜೆಕ್ಷನ್ನಿಂದ ಹೋಯ್ತು ಅಂತಾರೆ. ಫೋನ್ ಕೊಡಿ."

ಅವರು ಕೊಡಲಿಲ್ಲ. ಸುಮುಖ ಬಾಗಿಲಲ್ಲಿ ನಿಂತಿದ್ದ. ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತನ್ನ ಫೋನಿನಲ್ಲೇ ದೊಡ್ಡಮ್ಮನ ನಂಬರು ಒತ್ತಿ ನನ್ನ ಕೈಗಿಟ್ಟ. ಮದುವೆಯಾದ ಮೇಲೆ ಅವನು ಅಮ್ಮನೆದುರು ಮಾಡಿದ ಮೊದಲ ಧೈರ್ಯದ ಕೆಲಸ ಅದು. ನಾನು ಸ್ಪೀಕರ್ ಹಾಕಿದೆ.

"ದೊಡ್ಡಮ್ಮಾ, ನಾನು ಅಪೂರ್ವಾ. ನಾನು ಬಸುರಿ ಅಂತ ಅತ್ತೆ ಹೇಳಿದ್ದು ನಿಜವಲ್ಲ. ಹೋಗಿಯೂ ಇಲ್ಲ, ಇರಲೂ ಇಲ್ಲ. ಲಸಿಕೆ ತೊಗೊಂಡಿದೀನಿ, ಚೆನ್ನಾಗಿದೀನಿ."

ಆ ಕಡೆ ಯಾರೋ ಫೋನ್ ಕಿತ್ತುಕೊಂಡ ಸದ್ದು. ನಂತರ ದೊಡ್ಡಮ್ಮನ ಸೊಸೆ ಅರ್ಪಿತಾಳ ದನಿ. ದಾವಣಗೆರೆಯ ಹುಡುಗಿ, ನನಗಿಂತ ಚಿಕ್ಕವಳು.

"ಅಕ್ಕಾ, ನಿಜವಾಗ್ಲೂ ಇಲ್ವಾ?"

"ಇಲ್ಲ ಕಣೇ."

"ಅಪೂರ್ವಾ ಹಾಕಿಸ್ಕೊಳ್ಳಿಲ್ಲ, ಅದಕ್ಕೇ ನಿಂತಿತು ಅಂತ ದಿನಾ ಹೇಳೋರು ಇಲ್ಲಿ. ನಮ್ಮ ಸ್ಕೂಲಲ್ಲಿ ಟೀಚರ್ಸ್‌ಗೆಲ್ಲ ಹಾಕಿದ್ರು. ನಿಮ್ಮನ್ನ ನೋಡ್ಕೊಂಡು ನಾನೊಬ್ಬಳು ಬಿಟ್ಟೆ ಅಕ್ಕಾ." ಅವಳು ಅಳುತ್ತಿದ್ದಳೋ ಬೈಯುತ್ತಿದ್ದಳೋ ಗೊತ್ತಾಗಲಿಲ್ಲ.

ನಾನು ಅತ್ತೆಯನ್ನು ನೋಡಿದೆ. ತಮ್ಮ ಸುಳ್ಳು ಇನ್ನೊಬ್ಬರ ಮನೆಯಲ್ಲಿ ಸಾಕ್ಷಿಯಾಗಿ ಕೂತಿದ್ದು ಅವರಿಗೂ ಗೊತ್ತಿರಲಿಲ್ಲ.

"ಕೇಳು ಅರ್ಪಿತಾ" ಅಂದೆ. "ನನಗೆ ಮುಂದಿನ ತಿಂಗಳು ನಿಲ್ಲಬಹುದು, ಮುಂದಿನ ವರ್ಷ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಏನೇ ಆದ್ರೂ ಇವರು ಅದನ್ನ ಈ ತೋಳಿನ ಇಂಜೆಕ್ಷನ್ ಮೇಲೇ ಹಾಕ್ತಾರೆ. ಹಾಕಲಿ. ನನ್ನ ಹೊಟ್ಟೆ ನೋಡಿ ನೀನು ಏನೂ ತೀರ್ಮಾನ ಮಾಡಬೇಡ, ಆವತ್ತೂ ಮಾಡಬಾರದಿತ್ತು. ಡಾಕ್ಟರನ್ನ ಕೇಳು. ಕೇಳಿದ ಮೇಲೆ ನೀನೇ ಹೇಳು, ಬೇಕಾ ಬೇಡವಾ ಅಂತ. ಬೇಕು ಅಂದ್ರೆ ಸೋಮವಾರ ರಜಾ ಹಾಕ್ತೀನಿ, ನಾನೇ ಜೊತೆಗೆ ಬರ್ತೀನಿ."

"ನಮ್ಮತ್ತೆ ಬಿಡಲ್ಲ ಅಕ್ಕಾ."

ಆಗ ನನ್ನ ಪಕ್ಕದಿಂದ ಒಂದು ಕೈ ಬಂದು ಫೋನನ್ನು ಹತ್ತಿರಕ್ಕೆ ಎಳೆದುಕೊಂಡಿತು. ಆ ಕಡೆ ಇದ್ದ ತಮ್ಮಕ್ಕನನ್ನು ಕೂಗಿದ ಭ್ರಮರಾಂಬನವರ ದನಿ ಒಡೆದಿತ್ತು, ಆದರೆ ಗಟ್ಟಿಯಾಗಿತ್ತು.

"ಅಕ್ಕಾ, ನಾನು ಸುಳ್ಳು ಹೇಳಿದೆ. ಹುಡುಗಿಯನ್ನ ಬಿಡು."