ಎರಡು ರೂಮು ಅಂದಿದ್ದರು

ಎರಡು ರೂಮು ಎಂದು ಹೇಳಿದ್ದಕ್ಕೇ ಜಯಶೀಲಾ ಹೊರಟಿದ್ದು. ಇಲ್ಲದಿದ್ದರೆ ಅವಳು ಯಾವ ದಸರೆಗೂ ಬರುವವಳಲ್ಲ. ಮದುವೆಗೆ ಕರೆದರೆ ಬೆಳಗ್ಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬರುವವಳು. ತವರಿನಲ್ಲಿ ರಾತ್ರಿ ಉಳಿದು ಎಷ್ಟೋ ವರ್ಷವಾಗಿತ್ತು. ನೆಂಟರು ಇದಕ್ಕೆ ಜಂಭ ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು. ಹನ್ನೊಂದು ವರ್ಷದ ಮಗಳು ಸಿಂಚನ ಇನ್ನೂ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಾಳೆ ಎಂದು ಜನಕ್ಕೆ ಗೊತ್ತಾಗುವುದಕ್ಕಿಂತ ತಾನು ಜಂಭಗಾತಿ ಎನಿಸಿಕೊಳ್ಳುವುದು ವಾಸಿ.

ದಿನಾ ಏನಲ್ಲ. ವಾರಕ್ಕೊಮ್ಮೆ, ಕೆಲವು ವಾರ ಎರಡು ಮೂರು ಸಲ. ಕೆಲವು ಮಕ್ಕಳಿಗೆ ಹೀಗಿರುತ್ತದೆ, ತಾನಾಗಿ ಹೋಗುತ್ತದೆ, ಬೈಯಬೇಡಿ ಎಂದು ಡಾಕ್ಟರು ಹೇಳಿದ್ದರು. ಜಯಶೀಲಾ ಬೈದವಳೂ ಅಲ್ಲ. ಸಂಜೆಯಾದ ಮೇಲೆ ಮಗಳಿಗೆ ನೀರು ಕೊಡುತ್ತಿರಲಿಲ್ಲ, ನಡುರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತಿದ್ದಳು, ಅಕ್ಕಪಕ್ಕದವರು ಏಳುವ ಮುಂಚೆ ಬೆಡ್‌ಶೀಟ್ ಒಗೆದು ಹರವುತ್ತಿದ್ದಳು. ಅವಳಿಗಿದ್ದ ಭಯವೆಲ್ಲ ಅತ್ತೆಯದು. ಶಿವನಂಜಮ್ಮ ಇರುವುದು ಹಾಸನದಲ್ಲಿ, ಎರಡನೆಯ ಮಗನ ಮನೆಯಲ್ಲಿ. ಆಕೆಯ ಬಾಯಿಗೆ ಒಂದು ಮಾತು ಬಿದ್ದರೆ ಅದು ಹದಿನೈದು ದಿನದಲ್ಲಿ ನೆಂಟರಿಷ್ಟರ ಮನೆಯನ್ನೆಲ್ಲ ಸುತ್ತಿಕೊಂಡು ಬರುತ್ತದೆ. ಇಂದೋ ನಾಳೆಯೋ ದೊಡ್ಡವಳಾಗುವ ಹುಡುಗಿಯ ಬಗ್ಗೆ ಇಂಥ ಮಾತು ಹಬ್ಬಿದರೆ ಮುಂದಿನ ಗತಿ ಏನು ಎಂದು ಜಯಶೀಲಾ ಈಗಲೇ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದಳು.

ಬನ್ನಿಮಂಟಪದ ಹತ್ತಿರದ ಆ ಲಾಡ್ಜಿನಲ್ಲಿ ಎರಡು ರೂಮು ಗ್ಯಾರಂಟಿ ಎಂದಿದ್ದವನು ಸಿದ್ದಪ್ಪಾಜಿ, ಅವಳ ಗಂಡ ದೇವರಾಜುವಿನ ಹಳೆಯ ಸ್ನೇಹಿತ. ಇವರು ಚನ್ನರಾಯಪಟ್ಟಣದಿಂದ, ಮೈದುನ ಸುಂದರೇಶನ ಸಂಸಾರ ಹಾಸನದಿಂದ ಬಂದಿಳಿದಾಗ ಕೌಂಟರಿನವನು ಒಂದೇ ಬೀಗದ ಕೈ ಮುಂದಿಟ್ಟ.

"ನಾಳೆ ಜಂಬೂಸವಾರಿ ಸಾರ್. ಒಂದು ಉಳಿಸಿಕೊಂಡಿದ್ದೇ ಕಷ್ಟ. ಹಾಸಿಗೆ ಎಕ್ಸ್‌ಟ್ರಾ ಕೊಡ್ತೀವಿ."

ಜಯಶೀಲಾ ಗಂಡನ ತೋಳು ಹಿಡಿದು ಪಕ್ಕಕ್ಕೆಳೆದಳು. "ವಾಪಸ್ ಹೋಗ್ಬುಡೋಣ ಕಣ್ರೀ. ನಂಗೆ ತಲೆನೋವು ಅಂತ ಹೇಳಿ."

"ಅವ್ವ ಏನಂದ್ಕೋತಾಳೆ? ಒಂದ್ ರಾತ್ರಿ ಅಲ್ವಾ. ಏನೂ ಆಗಲ್ಲ, ಸುಮ್ನಿರು."

ಏನೂ ಆಗಲ್ಲ ಎನ್ನುವುದು ದೇವರಾಜುವಿನ ಅಭ್ಯಾಸ. ಆದದ್ದನ್ನು ಒಗೆಯುವವನು ಅವನಲ್ಲವಲ್ಲ.

ರೂಮು ಅಷ್ಟೇನೂ ಕೆಟ್ಟದಾಗಿರಲಿಲ್ಲ, ಏಳು ಜನಕ್ಕೆ ಸಾಲುತ್ತಿರಲಿಲ್ಲ, ಅಷ್ಟೆ. ಯಾರು ಎಲ್ಲಿ ಮಲಗಬೇಕೆಂದು ಶಿವನಂಜಮ್ಮನೇ ತೀರ್ಮಾನ ಮಾಡಿದರು. ಗಂಡಸರಿಬ್ಬರು ಮಂಚದ ಮೇಲೆ, ಹೆಂಗಸರು ಮಕ್ಕಳು ಕೆಳಗೆ ಸಾಲಾಗಿ: ಗೋಡೆಯ ಕಡೆ ತಾವು, ಆಮೇಲೆ ಸುಂದರೇಶನ ಹೆಂಡತಿ ಲಾವಣ್ಯ, ಅವಳ ನಾಲ್ಕು ವರ್ಷದ ಮಗ ಸ್ವರೂಪ್, ಸಿಂಚನ, ಬಚ್ಚಲಿನ ಕಡೆಗೆ ಜಯಶೀಲಾ. ಅವಳು ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಮಗಳ ಜಾಗದಲ್ಲಿ ಹಾಸಲು ಹೋದಾಗ ಅದು ಸರಬರ ಸದ್ದು ಮಾಡಿತು.

"ಏನೇ ಅದು?" ಎಂದರು ಅತ್ತೆ.

"ನೆಲ ಥಂಡಿ ಅತ್ತೆ."

"ಆಸ್ಗೆ ಮ್ಯಾಲೆ ಎಂಗೆ ಬತ್ತದೆ ಥಂಡಿ? ಮಗ ಮಗ್ಗುಲು ತಿರುಗ್ದಾಗೆಲ್ಲ ಸದ್ದಾದ್ರೆ ನಾನು ನಿದ್ದೆ ಮಾಡದು ಬ್ಯಾಡ್ವಾ? ತಗಿ ಅದ್ನ."

ತೆಗೆದಳು. ಇನ್ನು ಉಳಿದದ್ದು ಫೋನು. ರಿಂಗಾದರೆ ಎಲ್ಲರೂ ಏಳುತ್ತಾರೆ. ಅದಕ್ಕೆ ನಡುರಾತ್ರಿಗೆ ಅಲಾರಂ ಇಟ್ಟು, ಸದ್ದಿಲ್ಲದೆ ನಡುಗುವಂತೆ ಮಾಡಿ, ದಿಂಬಿನ ಕೆಳಗೆ ಸೇರಿಸಿ ಮಲಗಿದಳು. ಆದರೆ ಆ ರೂಮಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಟಿವಿಯ ಪಕ್ಕ. ಲಾವಣ್ಯ ತನ್ನ ಫೋನು ಚಾರ್ಜ್ ಆದ ಮೇಲೆ ಅಕ್ಕನದೂ ಆಗಲಿ ಎಂದು ದಿಂಬಿನ ಕೆಳಗಿನಿಂದ ಮೆತ್ತಗೆ ತೆಗೆದು ಅಲ್ಲಿಟ್ಟಳು. ನಾಳೆ ಅಂಬಾರಿಯ ಫೋಟೊ ತೆಗೆಯುವ ಹೊತ್ತಿಗೆ ಅಕ್ಕನ ಫೋನು ಆಫ್ ಆಗಬಾರದು ಎಂಬುದು, ಪಾಪ, ಅವಳ ಲೆಕ್ಕ. ಫೋನು ಟಿವಿಯ ಪಕ್ಕ ನಡುಗುವಷ್ಟು ನಡುಗಿ ಸುಮ್ಮನಾಯಿತು.

ಜಯಶೀಲಾಗೆ ಎಚ್ಚರವಾಗಿದ್ದು ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆದ ಸದ್ದಿಗೆ. ಕಿಟಕಿಯಲ್ಲಿ ಬೆಳಕು ಮೂಡುತ್ತಿತ್ತು. ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಹಾಸಿಗೆ ಒದ್ದೆಯಾಗಿತ್ತು.

ಮಗಳನ್ನು ಎಬ್ಬಿಸಿ, ಹೆಗಲಿಗೆ ಒರಗಿಸಿಕೊಂಡು ಬಚ್ಚಲಿಗೆ ನಡೆಸಿದಳು. ನಲ್ಲಿ ಬಿಟ್ಟರೆ ಸದ್ದಾಗುತ್ತದೆಂದು ಬಕೆಟ್ಟಿನಲ್ಲಿದ್ದ ತಣ್ಣೀರಿನಲ್ಲೇ ಟವೆಲ್ ಅದ್ದಿ ಒರೆಸಿದಳು. "ಆಗ್ಬುಡ್ತಾ ಅಮ್ಮ?" ಎಂದು ಸಿಂಚನ ನಿದ್ದೆಗಣ್ಣಿನಲ್ಲಿ ಕೇಳಿದಳು. ಜಯಶೀಲಾ ಬೇರೆ ಬಟ್ಟೆ ಕೊಟ್ಟು, ಹಾಕಿಕೊಂಡು ಬಾ ಎಂದು ಸನ್ನೆ ಮಾಡಿ ಹೊರಗೆ ಬಂದಳು.

ಹಾಸಿಗೆಯ ನಡುವೆ ತಟ್ಟೆಯಗಲದ ಗುರುತು ಎದ್ದು ಕಾಣುತ್ತಿತ್ತು. ಗೋಡೆಯ ಕಡೆ ಅತ್ತೆ ಮಗ್ಗುಲು ಬದಲಿಸಿ ಆಕಳಿಸಿದರು. ಆಕೆ ಹೊತ್ತಿಗೆ ಮುಂಚೆ ಏಳುವವರು. ಪಕ್ಕದಲ್ಲಿ ಸ್ವರೂಪ್ ಬಾಯಿ ತೆರೆದುಕೊಂಡು ಮಲಗಿದ್ದ.

ಯೋಚಿಸದೆ ಮಾಡಿಬಿಟ್ಟಳು ಎಂದರೆ ನಮಗೆಲ್ಲ ಸಮಾಧಾನವಾದೀತು. ಆದರೆ ಅವಳು ಯೋಚಿಸಿದಳು. ನಾಲ್ಕು ವರ್ಷದ ಮಗು ಹಾಸಿಗೆ ಒದ್ದೆ ಮಾಡಿದರೆ ಅದು ಯಾರ ಮನೆಯಲ್ಲೂ ಸುದ್ದಿಯಲ್ಲ. ನಗುತ್ತಾರೆ, ಮರೆಯುತ್ತಾರೆ. ಅಷ್ಟನ್ನೂ ಯೋಚಿಸಿಯೇ ಅವಳು ಮಗುವಿನ ಕಂಕುಳಿಗೆ ಕೈ ಹಾಕಿ ಎತ್ತಿ ಆ ಒದ್ದೆಯ ಮೇಲೆ ಮಲಗಿಸಿದಳು. ತಣ್ಣಗೆ ತಾಗಿದ್ದಕ್ಕೆ ಮಗು ಮುಖ ಕಿವುಚಿ ಮತ್ತೆ ನಿದ್ದೆ ಹೋಯಿತು. ತಲೆ ಎತ್ತಿದರೆ ಬಚ್ಚಲಿನ ಬಾಗಿಲಲ್ಲಿ ಸಿಂಚನ ನಿಂತಿದ್ದಳು, ಒದ್ದೆ ಬಟ್ಟೆಯ ಮುದ್ದೆ ಕೈಯಲ್ಲೇ ಇತ್ತು. ಜಯಶೀಲಾ ತುಟಿಯ ಮೇಲೆ ಬೆರಳಿಟ್ಟಳು.

ಅವಳ ಲೆಕ್ಕ ತಪ್ಪಿದ್ದು ಲಾವಣ್ಯಳ ವಿಷಯದಲ್ಲಿ. ಮಗುವಿಗೆ ಚಡ್ಡಿ ಒದ್ದೆ ಮಾಡಿಕೊಳ್ಳುವುದನ್ನು ಬಿಡಿಸುವುದಕ್ಕೆ ಆಕೆ ಎಷ್ಟು ಪಾಡು ಪಟ್ಟಿದ್ದಳು, ದಿನಾ ಅತ್ತೆಯಿಂದ ಎಷ್ಟು ಅನ್ನಿಸಿಕೊಂಡಿದ್ದಳು ಎಂಬುದು ದೂರದಲ್ಲಿದ್ದ ಜಯಶೀಲಾಗೆ ಗೊತ್ತಿರಲಿಲ್ಲ. ಮಗು ಈಗ ಆರು ತಿಂಗಳಿಂದ ಒಂದು ದಿನವೂ ತಪ್ಪು ಮಾಡಿಲ್ಲ ಎಂದು ಲಾವಣ್ಯ ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಹೇಳಿಕೊಂಡಿದ್ದಳು. ಎದ್ದ ಶಿವನಂಜಮ್ಮ ಮೊಮ್ಮಗನ ಚಡ್ಡಿ ಮುಟ್ಟಿ ನೋಡಿದರು.

"ನೋಡಪ್ಪ. ಬುಟ್ಬುಟ್ಟವ್ನೆ ಬುಟ್ಬುಟ್ಟವ್ನೆ ಅಂತಿದ್ಲಲ್ಲ ನಿನ್ನೆಂಡ್ತಿ. ಮಗ ಸಾಕಕ್ಕೂ ಒಂದ್ ಬಗೆ ಬೇಕು ಕಣೋ ಸುಂದ್ರ."

ಲಾವಣ್ಯಳ ಮುಖ ಕಪ್ಪಿಟ್ಟಿತು. ಮಗುವನ್ನು ರಟ್ಟೆ ಹಿಡಿದು ನಿಲ್ಲಿಸಿದಳು.

"ಯಾಕೋ ಮಾಡ್ದೆ? ಬಂದ್ರೆ ಎಬ್ಸು ಅಂತ ಹೇಳಿರ್ಲಿಲ್ವಾ?"

"ನಾನಲ್ಲ."

"ಸುಳ್ಳು ಬೇರೆ ಹೇಳ್ತೀಯಾ?"

"ನಾನಲ್ಲ ಅಮ್ಮ."

ಏಟು ತೊಡೆಯ ಮೇಲೆ ಬಿತ್ತು, ಇನ್ನೊಂದು ಬೆನ್ನಿನ ಮೇಲೆ. ಅತ್ತೆಗೆ ಕೊಡಲಾರದ ಉತ್ತರವನ್ನೆಲ್ಲ ಅವಳು ಮಗುವಿಗೆ ಕೊಡುತ್ತಿದ್ದಳು. ಸುಂದರೇಶ ನಗುತ್ತ, "ಇವನ್ನ ಆನೆ ನೋಡಕ್ಕೆ ಕರ್ಕೊಂಡು ಹೋಗದು ಬೇಡ, ಅಲ್ಲೂ ಮಾಡ್ಕೊಂಡ್ಬುಟ್ಟಾನು" ಎಂದ. ಅವನಿಗದು ತಮಾಷೆ. ಮಗು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿತು. ಆಮೇಲೆ, ದೊಡ್ಡಮ್ಮನ ಪಕ್ಕದ ಹಾಸಿಗೆ ತಾನೇ ಒದ್ದೆಯಾಗಿದ್ದು ಎಂದೋ ಏನೋ, ನೇರವಾಗಿ ಜಯಶೀಲಾಳ ಹತ್ತಿರ ಬಂದು ನಿಂತಿತು.

"ಇನ್ನೊಂದ್ ಸಲ ಮಾಡಲ್ಲ ದೊಡ್ಡಮ್ಮ."

ಜಯಶೀಲಾ ಮಗುವಿನ ತಲೆ ಸವರಿದಳು. ಆ ಕೈ ಅವಳಿಗೇ ಅಸಹ್ಯವೆನಿಸಿತು. ಈಗಲಾದರೂ ಹೇಳಿಬಿಡಬೇಕು ಎನಿಸಿತು. ಆದರೆ ಎದ್ದ ಕೂಡಲೇ ಹೇಳಿದ್ದರೆ ಮಗಳ ಮರ್ಯಾದೆ ಹೋಗುತ್ತಿತ್ತು, ಅಷ್ಟೆ. ಈಗ ಹೇಳಿದರೆ ತನ್ನದೂ ಹೋಗುತ್ತದೆ. ಹೊತ್ತು ಹೋದಷ್ಟೂ ಆ ಮಾತು ಭಾರವಾಗುತ್ತಿತ್ತು.

ಮೆರವಣಿಗೆ ಮಧ್ಯಾಹ್ನದ ಮೇಲೆ. ಆದರೂ ರಸ್ತೆ ಬದಿಯಲ್ಲಿ ಜಾಗ ಹಿಡಿಯಬೇಕಾದರೆ ಬೆಳಗ್ಗೆಯೇ ಹೋಗಿ ಕೂರಬೇಕು. ಸುಂದರೇಶ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದ. ಸ್ವರೂಪ್‌ಗೆ ಖಾರದ ಚಟ್ನಿ ನೆತ್ತಿಗೇರಿ ಕೆಮ್ಮು ಬಂತು, ಬಿಕ್ಕಳಿಕೆ ಹಿಡಿಯಿತು. ಸಿಂಚನ ನೀರಿನ ಬಾಟಲಿ ಮುಂದೆ ಹಿಡಿದಳು. ಮಗು ಬಾಯಿ ಬಿಗಿಹಿಡಿದು ತಲೆ ಆಡಿಸಿತು.

"ಬೇಡ. ಕುಡುದ್ರೆ ಉಚ್ಚೆ ಬರುತ್ತೆ."

ಕಣ್ಣಲ್ಲಿ ನೀರು ಬರುವಷ್ಟು ಬಿಕ್ಕಳಿಸಿದರೂ ಮಗು ಒಂದು ಗುಟುಕು ಕುಡಿಯಲಿಲ್ಲ. ಬಾಯಾರಿಕೆಯನ್ನು ಹೀಗೆ ತಡೆದುಕೊಳ್ಳುವುದು ಏನೆಂದು ಆ ರೂಮಿನಲ್ಲಿ ಒಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಾಟಲಿ ಕೆಳಗಿಟ್ಟಳು.

"ಚಿಕ್ಕಮ್ಮ, ಅವನಲ್ಲ. ಹಾಸಿಗೆ ಒದ್ದೆ ಮಾಡಿದ್ದು ನಾನು."

ಎಲ್ಲರೂ ಇಡ್ಲಿ ಕೈಯಲ್ಲಿ ಹಿಡಿದು ನೋಡಿದರು. ಮರುಕ್ಷಣ ಜಯಶೀಲಾ ನಗುತ್ತಿದ್ದಳು. ಆ ನಗು ಎಲ್ಲಿಂದ ಬಂತೋ ಅವಳಿಗೇ ತಿಳಿಯದು.

"ತಮ್ಮಂಗೆ ಏಟು ಬಿತ್ತಲ್ಲ, ಸಂಕಟ ಇವ್ಳಿಗೆ. ಅದಕ್ಕೇ ತನ್ ಮೇಲೆ ಹಾಕ್ಕೋತಾವ್ಳೆ. ಇಷ್ಟುದ್ದ ಬೆಳ್ದಿದಾಳೆ, ಇವ್ಳು ಮಾಡ್ತಾಳಾ?"

ಎಲ್ಲರೂ ನಂಬಿದರು. ನಂಬುವುದು ಸುಲಭವಾಗಿತ್ತು, ಕೇಳಲೂ ಚೆನ್ನಾಗಿತ್ತು. ಶಿವನಂಜಮ್ಮ ಮೊಮ್ಮಗಳ ಕೆನ್ನೆ ಸವರಿ ತಮ್ಮ ಹಣೆಗೆ ಬೆರಳು ಒತ್ತಿ ನೆಟಿಕೆ ಮುರಿದರು. "ನನ್ ಬಂಗಾರ" ಎಂದರು. ಲಾವಣ್ಯಳ ಕಣ್ಣು ತುಂಬಿ ಬಂತು. ಮಗನ ಕಡೆ ತಿರುಗಿ, "ನೋಡು, ಅಕ್ಕನ್ನ ನೋಡಿ ಕಲ್ತ್ಕೊ. ನೀನು ಮಾಡಿದ್ದನ್ನ ಮಾಡ್ದೆ ಅನ್ನಲ್ಲ" ಎಂದಳು. ದೇವರಾಜು ಒಬ್ಬನಿಗೆ ನಿಜ ಹೊಳೆದಿತ್ತು. ಅವನು ಇಡ್ಲಿಗೆ ಚಟ್ನಿ ಹಚ್ಚುವುದರಲ್ಲಿ ಮಗ್ನನಾದ.

ಸಿಂಚನ ಅಜ್ಜಿಯ ಕೈ ಬಿಡಿಸಿಕೊಂಡು ಎದ್ದಳು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಸುಂದರೇಶ ಟವೆಲ್ ಹೆಗಲಿಗೇರಿಸಿ ಬಾಗಿಲು ತಟ್ಟಿದ, ದೇವರಾಜು ತಟ್ಟಿದ. ಚಿಲಕ ತೆರೆಯಲಿಲ್ಲ. "ಇನ್ನೂ ಯಾರ್ದೂ ಸ್ನಾನ ಆಗಿಲ್ಲ, ಆಮೇಲೆ ಜಾಗ ಸಿಗಕಿಲ್ಲ" ಎಂದು ಅತ್ತೆ ಗೊಣಗಿದರು. ಜಯಶೀಲಾ ಬಾಗಿಲಿಗೆ ಬಾಯಿ ತಾಗಿಸಿ ನಿಂತಳು.

"ಸಿಂಚು, ತಗಿ ಚಿನ್ನ."

ಇನ್ನೊಮ್ಮೆ ಮೆಲ್ಲಗೆ ತಟ್ಟಿದಳು.

"ತಪ್ಪಾಯ್ತು ಕಣೆ. ಊರಿಗೆ ಹೋದ್ಮೇಲೆ ಮಾತಾಡೋಣ."

"ನಂಗೆ ಯಾಕೆ ಹೇಳ್ತೀಯಾ? ನಂಗೊತ್ತು. ಅವ್ರಿಗೆ ಹೇಳು."

ಮನೆಯಾಗಿದ್ದರೆ ಹಿತ್ತಲಿತ್ತು, ಅಡಿಗೆಮನೆಯಿತ್ತು, ಮಹಡಿಯ ಮೆಟ್ಟಿಲಿತ್ತು. ಒಬ್ಬರಿಗೆ ಹೇಳುವುದನ್ನು ಇನ್ನೊಬ್ಬರಿಗೆ ಕೇಳಿಸದಂತೆ ಹೇಳಬಹುದಿತ್ತು. ಇಲ್ಲಿ ಬೆನ್ನ ಹಿಂದೆಯೇ ಐದು ಜನ. ಜಯಶೀಲಾ ಇನ್ನೂ ದನಿ ತಗ್ಗಿಸಿದಳು.

"ನಿಂಗೋಸ್ಕರಾನೇ ಮಾಡಿದ್ದು ಕಣೆ. ನಿಂಗೆ ಅವಮಾನ ಆಗಬಾರ್ದು ಅಂತ."

ಒಳಗಿನಿಂದ ಹುಡುಗಿ ಅಳುತ್ತಲೇ, ಆದರೆ ಗಟ್ಟಿಯಾಗಿ ಹೇಳಿದಳು.

"ನಾನು ಎಲ್ಲರ ಮುಂದೆ ಹೇಳ್ಬುಟ್ಟೆ ಅಲ್ವಾ. ನಂಗೇ ಹೇಳಕ್ಕಾಯ್ತು. ನಿಂಗ್ಯಾಕಮ್ಮ ಆಗಲ್ಲ?"

ಅದು ರೂಮಿನಲ್ಲಿ ಎಲ್ಲರಿಗೂ ಕೇಳಿಸಿತು. "ಏನಂತೆ ಅದು?" ಎಂದರು ಶಿವನಂಜಮ್ಮ. ಜಯಶೀಲಾ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳಿಗೆ ಓಡಿಹೋಗಬೇಕೆನಿಸಿತು, ಆದರೆ ಬಾಗಿಲಿನವರೆಗೂ ಹಾಸಿಗೆಗಳೇ ಹರಡಿದ್ದವು. ಅವಳು ತಿರುಗಿ ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅತ್ತೆ, ಹಾಸಿಗೆ ಒದ್ದೆ ಮಾಡಿದ್ದು ಸಿಂಚನಾನೇ. ಅವ್ಳಿಗೆ ಚಿಕ್ಕಂದಿನಿಂದ್ಲೂ ಹಂಗೆ, ಇನ್ನೂ ಹೋಗಿಲ್ಲ. ಬೆಳಗ್ಗೆ ನೀವೆಲ್ಲ ಏಳೋ ಮುಂಚೆ ಸ್ವರೂಪನ್ನ ಎತ್ತಿ ಆ ಒದ್ದೇಲಿ ಮಲಗಿಸ್ದೋಳು ನಾನು."

ಅತ್ತೆಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಹಂಗಾದ್ರೆ ನಾನಲ್ವಾ?" ಎಂದ ಸ್ವರೂಪ್. ಅವನಿಗೂ ಈಗ ಖಾತ್ರಿ ಬೇಕಾಗಿತ್ತು.

"ಅಲ್ಲ ಕಂದ. ನೀನು ಮಾಡ್ಲೇ ಇಲ್ಲ."

ಲಾವಣ್ಯ ಮಗನನ್ನು ಬರಸೆಳೆದು ಮಡಿಲಲ್ಲಿ ಕೂರಿಸಿಕೊಂಡಳು. ತೊಡೆಯ ಮೇಲೆ ಅವಳ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕೇಳಿದಳು.

"ನಾನು ಇವನ್ನ ಹೊಡೀವಾಗ ನೀವು ನೋಡ್ತಾ ನಿಂತಿದ್ರಿ ಅಲ್ವಾ ಅಕ್ಕ?"

"ಹೂಂ" ಎಂದಳು ಜಯಶೀಲಾ.

ಬೆನ್ನ ಹಿಂದೆ ಬಾಗಿಲು ತೆರೆಯಿತು. ಸಿಂಚನ ಹೊರಗೆ ಬಂದಳು. ಅಮ್ಮನ ಮುಖ ನೋಡಲಿಲ್ಲ, ಕೈ ಹಿಡಿಯಲಿಲ್ಲ. ಬಂದು ಅವಳ ಪಕ್ಕದಲ್ಲಿ ನಿಂತಳು, ಬೈಯುವವರು ಇಬ್ಬರನ್ನೂ ಒಟ್ಟಿಗೆ ಬೈಯಲಿ ಎನ್ನುವ ಹಾಗೆ.