ಉಗುಳಿದ್ದು ಮರಳು ಮಾತ್ರ

"ನಿನ್ನ ತಲೆಯಲ್ಲಿ ಮೆದುಳಿದೆಯೋ, ಅಲ್ಲೂ ಮರಳೇ ತುಂಬಿದೆಯೋ? ನೀರು ಕೆಂಪಾಗಿದ್ದ ಜಾಗದಲ್ಲಿ ಬಗೆದು ತಂದ ಚಿಪ್ಪನ್ನ ಊರವರ ಬಾಯಿಗೆ ಹಾಕ್ತೀಯಾ?"

ಅಕ್ಕ ಕೂಗಿದ ರಭಸಕ್ಕೆ ಶೆಡ್ಡಿನ ತಗಡು ಗುಂಯ್ ಎಂದಿತು. ತಮ್ಮ ಜಗ್ಗಲಿಲ್ಲ. ನಲವತ್ತು ದಾಟಿದ ಗಂಡಸು, ಹಟದಲ್ಲಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇದ್ದ.

"ಕೆಂಪು ಹೋಗಿ ನಾಲ್ಕು ದಿನ ಆಯ್ತು ಕಣಕ್ಕಾ. ಎರಡು ದಿನದಿಂದ ತಿಳಿ ಉಪ್ಪುನೀರಲ್ಲಿ ಇಟ್ಟಿದ್ದೀನಿ. ಮರಳು ಉಗುಳಿದ ಹಾಗೆ ಆ ಕೆಂಪನ್ನೂ ಉಗುಳಿರ್ತವೆ. ಅಪ್ಪನ ಕಾಲದಿಂದ ಹೀಗೇ ಅಲ್ವಾ?"

ಹೀಗೇ, ಆದರೆ ಮರಳಿಗೆ. ತೊಟ್ಟಿಯ ತಳದಲ್ಲಿ ಚಿಪ್ಪುಗಳು ಚೂರೇ ಬಾಯಿ ತೆರೆದು ಎರಡೆರಡು ಕೊಳವೆ ಚಾಚಿದ್ದವು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನೀರಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಯನ್ನು ಕಿವಿರಿನ ಜರಡಿಯಲ್ಲಿ ಹಿಡಿದು ನುಂಗುವುದೇ ಅವುಗಳ ಊಟ. ದಿನಕ್ಕೆ ಬಿಂದಿಗೆಗಟ್ಟಲೆ ನೀರು ಸೋಸುತ್ತವೆ. ಕೆಂಪು ನೀರಿನ ಪಾಚಿ ವಿಷದ್ದಾದರೆ ಅದನ್ನೂ ತಿನ್ನುತ್ತವೆ. ಅವು ಸಾಯುವುದಿಲ್ಲ. ವಿಷ ಮಾಂಸದಲ್ಲಿ ವಾರಗಟ್ಟಲೆ ಕೂತಿರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮೀನು ಇಲಾಖೆಯ ಹೆಂಗಸು ಬಂದು ಇದನ್ನೆಲ್ಲ ಹೇಳುವಾಗ ತಮ್ಮ ಆಕಳಿಸುತ್ತಿದ್ದ.

"ಅದೆಲ್ಲ ಆಫೀಸಿನವರ ಕಥೆ. ಈಗಷ್ಟೇ ಒಂದು ತಟ್ಟೆ ಬೇಯಿಸ್ಕೊಂಡು ತಿಂದೆ. ನೋಡು, ಗುಂಡುಕಲ್ಲಿನ ಹಾಗಿದ್ದೀನಿ!"

ಅಕ್ಕನ ಸಿಟ್ಟು ಜರ್ರನೆ ಇಳಿಯಿತು. "ತಿಂದು ಎಷ್ಟೊತ್ತಾಯ್ತು?"

"ಒಂದು ಗಂಟೆ. ರುಚಿಯಾಗಿತ್ತು, ನಿನ್ನ ಅಡುಗೆ ಥರ ಅಲ್ಲ."

ನಗಲು ಹೋದ. ತುಟಿಯ ಒಂದು ಬದಿ ಮಾತ್ರ ಎದ್ದಿತು. ಬೆರಳಿನಿಂದ ಉಜ್ಜಿಕೊಂಡ, ಮತ್ತೆ ಉಜ್ಜಿಕೊಂಡ.

"ತುಟಿ ಜೋಮು ಹಿಡಿದಿದೆಯೇನೋ?"

"ಬಿಸಿ ತಾಗಿ ಸುಟ್ಟಿದೆ, ಅಷ್ಟೆ."

ಚಿಪ್ಪು ತುಂಬಲು ಹಿಡಿದಿದ್ದ ಚೀಲದ ಹುರಿ ಅವನ ಕೈಯಿಂದ ಜಾರಿತು. ಬಗ್ಗಿ ಎತ್ತಲು ನೋಡಿದ, ಬೆರಳುಗಳು ಮಾತು ಕೇಳಲಿಲ್ಲ. ಮೊದಲು ತುಟಿ, ಆಮೇಲೆ ಬೆರಳು, ಕೊನೆಗೆ ಉಸಿರು ಎಂದು ಇಲಾಖೆಯ ಹೆಂಗಸು ಎಣಿಸಿ ಹೇಳಿದ್ದಳು. ಎರಡು ಆಗಿಹೋಗಿತ್ತು.

"ಆಸ್ಪತ್ರೆಗೆ ನಡಿಯೋ, ನಿನ್ನ ಕಾಲಿಗೆ ಬೀಳ್ತೀನಿ!"

"ಹೋಗಿ ಏನಂತ ಹೇಳ್ಲಿ? ನಮ್ಮ ಚಿಪ್ಪಲ್ಲಿ ವಿಷ ಅಂತಲಾ? ನಾಳೆಯಿಂದ ಈ ಶೆಡ್ಡಲ್ಲಿ ನೀನು ನೊಣ ಹೊಡೀತಿರು. ಮನೆಗೆ ಹೋಗಿ ಒಂದು ಗಳಿಗೆ ಮಲಗ್ತೀನಿ. ನಿನ್ನ ಗೋಳು ಕೇಳಿದ್ರೆ ಗಟ್ಟಿಯಾಗಿರೋನೂ ಸಾಯ್ತಾನೆ."

ಅವಳು ತೋಳು ಹಿಡಿದಳು. ಕೊಡವಿಕೊಂಡು ಹೊರಟ. ನಡಿಗೆ ಓಲಾಡುತ್ತಿತ್ತು. ತನ್ನೊಬ್ಬಳ ಕೈಲಿ ಅವನು ನಿಲ್ಲುವುದಿಲ್ಲವೆಂದು ಅವಳು ಪಕ್ಕದ ಐಸ್ ಫ್ಯಾಕ್ಟರಿಗೆ ಓಡಿ, ಊಟಕ್ಕೆ ಕೂತಿದ್ದ ವ್ಯಾನ್ ಡ್ರೈವರನ್ನು ಎಬ್ಬಿಸಿ ತಂದಳು. ಅಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಮನೆಯವರೆಗೂ ಎರಡೂ ಬದಿ ನೋಡುತ್ತಲೇ ಹೋದರು. ಬಾಗಿಲು ತೆರೆದ ತಮ್ಮನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ, "ಏನತ್ತಿಗೆ, ಈ ಹೊತ್ತಲ್ಲಿ? ಅವರು ಶೆಡ್ಡಲ್ಲಿಲ್ವಾ?" ಎಂದಳು.

ಮೂರು ಸಲ ಅದೇ ದಾರಿಯಲ್ಲಿ ವ್ಯಾನು ಓಡಾಡಿತು. ಕಾಲುವೆಯ ಕಡೆಯ ಓಣಿಗಳಲ್ಲಿ ಅಕ್ಕನೂ ಡ್ರೈವರೂ ಅವನ ಹೆಸರು ಹಿಡಿದು ಕೂಗಿದರು. ಅವನು ಮನೆಗೆ ಬರಲೇ ಇಲ್ಲ.